ಅಂಕಿ-ಅಂಶಗಳಿಗೂ ವೋಚರು ಬೇಕು: ಭೂಮಾಹಿತಿ ಹಾಗೂ ವೈಜ್ಞಾನಿಕ ದತ್ತಾಂಶಗಳ ಮೆಟಾಡೇಟಾ ಮಾನದಂಡಗಳು

ವ್ಯಾಪಾರ ಮತ್ತು ಕೈಗಾರಿಕೆಯಲ್ಲಿ ತೊಡಗಿರುವವರು ತಮ್ಮ ಲೆಕ್ಕದ ಪುಸ್ತಕಗಳಲ್ಲಿ ಇಲ್ಲದ ಅಂಕಿ-ಅಂಶಗಳನ್ನು ನೆಚ್ಚಿ ತೀರ್ಮಾನ ಕೈಗೊಳ್ಳುವ ಸಂದರ್ಭಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಕಾರ್ಖಾನೆಗೆ ಜಮೀನು ಕೊಳ್ಳುವಾಗ ಡಿಜಿಟಲ್ ನಕ್ಷೆ ಮತ್ತು ಉಪಗ್ರಹ ಚಿತ್ರ, ದಾಸ್ತಾನು ಖರೀದಿಸುವಾಗ ಮುಂಗಾರಿನ ಮುನ್ಸೂಚನೆ, ಗೋದಾಮಿಗೆ ವಿಮೆ ಮಾಡಿಸುವಾಗ ನೆರೆಯ ಪೂರ್ವ ಇತಿಹಾಸ, ಕೊಳವೆಬಾವಿ ಕೊರೆಸುವಾಗ ಅಂತರ್ಜಲದ ವರದಿ, ಸೌರಫಲಕ ಹಾಕಿಸುವಾಗ ಬಿಸಿಲಿನ ಅಳತೆ ಇವೆಲ್ಲವೂ ನಮ್ಮ ಮೇಜಿನ ಮೇಲೆ ಬರುತ್ತವೆ. ಇವು ಯಾರೋ, ಎಲ್ಲಿಯೋ, ಯಾವಾಗಲೋ ಅಳೆದು ಬರೆದಿಟ್ಟ ಸಂಖ್ಯೆಗಳು.

ಐದು ನೂರು ರೂಪಾಯಿಯ ಖರ್ಚನ್ನೂ ವೋಚರಿಲ್ಲದೆ ಲೆಕ್ಕಕ್ಕೆ ಹಿಡಿಯಲು ನಮ್ಮ ಗುಮಾಸ್ತರು ಒಪ್ಪುವುದಿಲ್ಲ. ಆದರೆ ಕೋಟಿ ರೂಪಾಯಿ ಬೆಲೆಬಾಳುವ ಜಮೀನಿನ ನಕ್ಷೆಯನ್ನು ಯಾರು ಅಳೆದರು, ಯಾವ ವರ್ಷದಲ್ಲಿ ಅಳೆದರು, ಎಷ್ಟು ಮೀಟರ್ ವ್ಯತ್ಯಾಸ ಬರಬಹುದು ಎಂದು ಕೇಳದೆಯೇ ಒಪ್ಪಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಈ ಪ್ರಶ್ನೆಗಳಿಗೆ ಉತ್ತರವಾಗಿ ದತ್ತಾಂಶದ ಜೊತೆಯಲ್ಲಿಯೇ ಇರಬೇಕಾದ ವಿವರಪತ್ರಕ್ಕೆ ಮೆಟಾಡೇಟಾ ಎಂದು ಹೆಸರು. ಅದನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಹಾಗೂ ರಾಷ್ಟ್ರೀಯ ಮಾನದಂಡಗಳಿವೆ. ಅವುಗಳ ಸ್ವರೂಪವನ್ನೂ ವರ್ತಕರಿಗೆ ಅವುಗಳಿಂದಾಗುವ ಉಪಯೋಗವನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಮೆಟಾಡೇಟಾ ಎಂದರೇನು?

ಮೆಟಾಡೇಟಾ ಎಂದರೆ ದತ್ತಾಂಶದ ಬಗೆಗಿನ ದತ್ತಾಂಶ ಎಂಬುದು ವಾಡಿಕೆಯ ವ್ಯಾಖ್ಯೆ. ಇದು ಸರಿಯಾದರೂ ಇದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಮಗೆ ಪರಿಚಿತವಾದ ಉದಾಹರಣೆಯಿಂದ ಹೊರಡುವುದು ಲೇಸು.

10 ಲಕ್ಷ ರೂಪಾಯಿಗೆ ಕೊಂಡ ಯಂತ್ರವೊಂದಕ್ಕೆ ವರ್ಷಕ್ಕೆ ಶೇ. 10ರಂತೆ ಸವಕಳಿ ಹಾಕಲಾಗಿದೆ ಎಂದಿಟ್ಟುಕೊಳ್ಳೋಣ. ಮೂರು ವರ್ಷಗಳ ನಂತರ ಅದರ ಪುಸ್ತಕ ಮೌಲ್ಯವೆಷ್ಟು? ಸ್ಥಿರ ಕಂತಿನ ಪದ್ಧತಿಯಂತೆ 7,00,000 ರೂಪಾಯಿ. ಇಳಿಕೆ ಶೇಷ ಪದ್ಧತಿಯಂತೆ 7,29,000 ರೂಪಾಯಿ. ಎರಡೂ ಸರಿಯೇ. ಯಾವ ಪದ್ಧತಿಯನ್ನು ಅನುಸರಿಸಲಾಗಿದೆ ಎಂಬುದು ಅಢಾವೆ ಪತ್ರಿಕೆಯ ಅಂಕಿಯಲ್ಲಿ ಕಾಣುವುದಿಲ್ಲ, ಅದರ ಕೆಳಗಿನ ಟಿಪ್ಪಣಿಯಲ್ಲಿ ಕಾಣುತ್ತದೆ. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯು 1979ರಲ್ಲಿ ಹೊರಡಿಸಿದ ತನ್ನ ಮೊದಲನೆಯ ಲೆಕ್ಕಪತ್ರ ಮಾನದಂಡದಲ್ಲಿಯೇ, ಅನುಸರಿಸಿದ ಲೆಕ್ಕಪದ್ಧತಿಗಳನ್ನು ಬಹಿರಂಗಪಡಿಸಬೇಕೆಂದು ವಿಧಿಸಿತು. ಟಿಪ್ಪಣಿಯಿಲ್ಲದ ಅಢಾವೆ ಪತ್ರಿಕೆಯನ್ನು ಬ್ಯಾಂಕಿನವರು ಮುಟ್ಟುವುದಿಲ್ಲ. ಅಢಾವೆ ಪತ್ರಿಕೆಗೆ ಟಿಪ್ಪಣಿಗಳು ಹೇಗೋ, ನಕ್ಷೆಗೂ ವೈಜ್ಞಾನಿಕ ಅಳತೆಗೂ ಮೆಟಾಡೇಟಾ ಹಾಗೆ.

ಕ್ರಯಪತ್ರದ ಉದಾಹರಣೆಯನ್ನೂ ನೋಡಬಹುದು. ಸರ್ವೆ ನಂಬರು, ವಿಸ್ತೀರ್ಣ ಮತ್ತು ಚಕ್ಕುಬಂದಿ ಇಲ್ಲದ ಕ್ರಯಪತ್ರದಿಂದ ಯಾವ ಜಮೀನೂ ಕೈಗೆ ಬಾರದು. ಜಮೀನು ನೆಲದ ಮೇಲೆ ಇರುತ್ತದೆ. ಅದು ಯಾವುದೆಂದು ಮೂರನೆಯವರಿಗೆ ಗುರುತಿಸಿ ಹೇಳುವುದು ಚಕ್ಕುಬಂದಿ. ದತ್ತಾಂಶವನ್ನು ಸಿದ್ಧಪಡಿಸಿದವರನ್ನು ಕಂಡರಿಯದ ಮೂರನೆಯವರೂ ಅದನ್ನು ಹುಡುಕಿ, ಅರ್ಥ ಮಾಡಿಕೊಂಡು, ತಮ್ಮ ಕೆಲಸಕ್ಕೆ ಆಗುವುದೇ ಇಲ್ಲವೇ ಎಂದು ನಿರ್ಧರಿಸಲು ಬೇಕಾದ ವಿವರಗಳೇ ಮೆಟಾಡೇಟಾ.

ವಿವರವಿಲ್ಲದ ಸಂಖ್ಯೆ ತರುವ ನಷ್ಟ

ಇದು ಕೇವಲ ಕಾಗದಪತ್ರದ ಶಿಸ್ತಿನ ಮಾತಲ್ಲ ಎಂಬುದಕ್ಕೆ ಎರಡು ಪ್ರಸಿದ್ಧ ಪ್ರಸಂಗಗಳನ್ನು ಇಲ್ಲಿ ನೆನೆಯಬಹುದು.

ಅಮೆರಿಕದ ನಾಸಾ ಸಂಸ್ಥೆಯು 1998ರ ಡಿಸೆಂಬರಿನಲ್ಲಿ ಮಂಗಳ ಗ್ರಹದ ಹವಾಮಾನವನ್ನು ಅಭ್ಯಸಿಸಲು ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಹಾರಿಸಿತು. 1999ರ ಸೆಪ್ಟೆಂಬರ್ 23ರಂದು ಮಂಗಳವನ್ನು ತಲುಪುವ ಹೊತ್ತಿಗೆ ಅದು ನಾಶವಾಯಿತು. ನೌಕೆಯ ಪುಟ್ಟ ಎಂಜಿನುಗಳು ನೀಡಿದ ನೂಕುಬಲವನ್ನು ಭೂಮಿಯ ಮೇಲಿನ ಒಂದು ತಂತ್ರಾಂಶವು ಪೌಂಡ್ ಮಾನದಲ್ಲಿ ಬರೆಯುತ್ತಿತ್ತು; ಅದನ್ನು ಓದುವ ಇನ್ನೊಂದು ತಂತ್ರಾಂಶವು ನ್ಯೂಟನ್ ಮಾನವೆಂದು ತಿಳಿದು ಲೆಕ್ಕ ಹಾಕುತ್ತಿತ್ತು. ಎರಡರ ನಡುವೆ ಸುಮಾರು ನಾಲ್ಕೂವರೆ ಪಟ್ಟು ಅಂತರ. ಮೆಟ್ರಿಕ್ ಮಾನವನ್ನೇ ಬಳಸಬೇಕೆಂದು ಒಪ್ಪಂದದ ದಾಖಲೆಯಲ್ಲಿ ಬರೆದಿತ್ತು. ಆದರೆ ಕೈಯಿಂದ ಕೈಗೆ ಹೋಗುತ್ತಿದ್ದ ಸಂಖ್ಯೆಗಳ ಜೊತೆಯಲ್ಲಿ ಮಾನದ ಹೆಸರು ಪ್ರಯಾಣ ಮಾಡಲಿಲ್ಲ.

ಎರಡನೆಯದು ಭೂಮಾಪನಕ್ಕೆ ನೇರವಾಗಿ ಸಂಬಂಧಿಸಿದ್ದು. ರೈನ್ ನದಿಯ ಎರಡು ದಡಗಳಲ್ಲಿ ಲಾಫೆನ್‌ಬುರ್ಗ್ ಎಂಬ ಒಂದೇ ಹೆಸರಿನ ಎರಡು ಊರುಗಳಿವೆ; ಒಂದು ಜರ್ಮನಿಯದು, ಇನ್ನೊಂದು ಸ್ವಿಟ್ಜರ್‌ಲೆಂಡಿನದು. ಇವುಗಳ ನಡುವೆ ಹೊಸ ಸೇತುವೆಯನ್ನು ಎರಡೂ ಬದಿಗಳಿಂದ ಕಟ್ಟಲಾಗುತ್ತಿತ್ತು. ಸಮುದ್ರಮಟ್ಟದಿಂದ ಎತ್ತರವನ್ನು ಲೆಕ್ಕ ಹಾಕುವಾಗ ಜರ್ಮನಿಯವರು ಆಮ್‌ಸ್ಟರ್‌ಡ್ಯಾಮಿನ ಉತ್ತರ ಸಮುದ್ರದ ಮಟ್ಟವನ್ನು ಆಧಾರವಾಗಿಟ್ಟುಕೊಂಡರೆ, ಸ್ವಿಟ್ಜರ್‌ಲೆಂಡಿನ ಎತ್ತರಗಳ ಮೂಲ ಮಾರ್ಸೇಲ್ಸಿನ ಮೆಡಿಟರೇನಿಯನ್ ಸಮುದ್ರದ ಮಟ್ಟದಲ್ಲಿದೆ. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸ. ಈ ವ್ಯತ್ಯಾಸವು ಎಂಜಿನಿಯರುಗಳಿಗೆ ತಿಳಿದಿತ್ತು, ಅದನ್ನು ಸರಿದೂಗಿಸಲೂ ಹೊರಟರು. ಆದರೆ ಕಳೆಯಬೇಕಾದಲ್ಲಿ ಕೂಡಿದ್ದರಿಂದ ಅಂತರವು ಅಳಿಯುವ ಬದಲು ಇಮ್ಮಡಿಯಾಯಿತು. 2003ರಲ್ಲಿ ಎರಡು ಬದಿಗಳ ನಡುವೆ 54 ಸೆಂಟಿಮೀಟರ್ ಏರುಪೇರು ಬೆಳಕಿಗೆ ಬಂದು ಕಾಮಗಾರಿಯನ್ನು ಸರಿಪಡಿಸಬೇಕಾಯಿತು. ಜಮೆ ಮಾಡಬೇಕಾದ ಮೊತ್ತವನ್ನು ಖರ್ಚಿನ ಬದಿಗೆ ಬರೆದರೆ ತಾಳೆಪಟ್ಟಿಯಲ್ಲಿ ವ್ಯತ್ಯಾಸವು ಇಮ್ಮಡಿಯಾಗುವುದನ್ನು ಬಲ್ಲ ನಮಗೆ ಇದು ಅಪರಿಚಿತವಾದ ತಪ್ಪಲ್ಲ.

ಮಾನದಂಡದ ಅಗತ್ಯ

ಪ್ರತಿಯೊಬ್ಬರೂ ತಮಗೆ ತೋಚಿದಂತೆ ವಿವರ ಬರೆದರೆ ಸಾಲದೇ ಎಂದು ಕೇಳಬಹುದು. ಸಾಲದು. ಒಬ್ಬರು ದಿನಾಂಕವೆಂದು ಅಳತೆ ಮಾಡಿದ ದಿನವನ್ನು ಬರೆದರೆ ಇನ್ನೊಬ್ಬರು ನಕ್ಷೆ ಅಚ್ಚಾದ ದಿನವನ್ನು ಬರೆಯುತ್ತಾರೆ. ಇಪ್ಪತ್ತು ಸಂಸ್ಥೆಗಳ ದತ್ತಾಂಶವನ್ನು ಹೋಲಿಸಬೇಕಾದವರು ಇಪ್ಪತ್ತು ಬಗೆಯ ವಿವರಣೆಗಳಲ್ಲಿ ಕಳೆದುಹೋಗುತ್ತಾರೆ.

ಸರಕುಗಳ ವರ್ಗೀಕರಣದಲ್ಲಿ ಇದೇ ತೊಡಕನ್ನು ವಿಶ್ವ ಸುಂಕ ಸಂಘಟನೆಯ ಸಾಮರಸ್ಯ ಪದ್ಧತಿ ಪರಿಹರಿಸಿತು. 1988ರ ಜನವರಿ 1ರಿಂದ ಜಾರಿಗೆ ಬಂದ ಈ ಪದ್ಧತಿಯ ಆರಂಕಿಯ ಸಂಕೇತವನ್ನೇ ನಾವು ಎಚ್‌ಎಸ್‌ಎನ್ ಎಂದು ಕರೆದು ಸರಕು ಮತ್ತು ಸೇವಾ ತೆರಿಗೆಯಲ್ಲಿ ಬಳಸುತ್ತಿದ್ದೇವೆ. ಒಂದೇ ಸರಕನ್ನು ತುಮಕೂರಿನ ವರ್ತಕರು ಒಂದು ಹೆಸರಿನಿಂದಲೂ ಹ್ಯಾಂಬರ್ಗಿನ ಆಮದುದಾರರು ಇನ್ನೊಂದು ಹೆಸರಿನಿಂದಲೂ ಕರೆಯಲಿ, ಸಂಕೇತ ಒಂದೇ. ಹಾಗೆಯೇ 2010-11ನೇ ಆರ್ಥಿಕ ವರ್ಷದಿಂದ ನಿರ್ದಿಷ್ಟ ವರ್ಗದ ಕಂಪನಿಗಳು ತಮ್ಮ ಲೆಕ್ಕಪತ್ರಗಳನ್ನು ಎಕ್ಸ್‌ಬಿಆರ್‌ಎಲ್ ರೂಪದಲ್ಲಿ ಸಲ್ಲಿಸಬೇಕಾಯಿತು. ಇದರಲ್ಲಿ ಪ್ರತಿ ಅಂಕಿಗೂ ಅದು ಯಾವ ಬಾಬು, ಯಾವ ಅವಧಿ, ಯಾವ ನಾಣ್ಯ ಎಂಬ ಚೀಟಿಯನ್ನು ಅಂಟಿಸಲಾಗುತ್ತದೆ. ಈ ಚೀಟಿಯೂ ಮೆಟಾಡೇಟಾವೇ. ಅಂದರೆ ಹೆಸರು ಹೊಸತಾದರೂ ವಿಷಯ ನಮ್ಮ ಬಳಕೆಯಲ್ಲಿ ಈಗಾಗಲೇ ಇದೆ.

ಮಾನದಂಡಗಳು ಬೆಳೆದು ಬಂದ ಬಗೆ

ಭೂಮಾಹಿತಿಯ ಕ್ಷೇತ್ರದಲ್ಲಿ ಈ ಕಾರ್ಯಕ್ಕೆ ಬಲ ಬಂದದ್ದು 1994ರಲ್ಲಿ. ಆ ವರ್ಷದ ಏಪ್ರಿಲ್ 11ರಂದು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ 12906ನೇ ಸಂಖ್ಯೆಯ ಕಾರ್ಯಾಂಗ ಆದೇಶವನ್ನು ಹೊರಡಿಸಿದರು. ಕೇಂದ್ರ ಸರ್ಕಾರದ ಇಲಾಖೆಗಳು ತಾವು ಹೊಸದಾಗಿ ಸಂಗ್ರಹಿಸುವ ಭೂಮಾಹಿತಿಗೆ ನಿಗದಿತ ಮಾದರಿಯಲ್ಲಿ ವಿವರ ಬರೆಯಬೇಕು. ಹೊಸ ಅಳತೆಗೆ ಹಣ ಖರ್ಚು ಮಾಡುವ ಮುನ್ನ ಅದೇ ದತ್ತಾಂಶವನ್ನು ಬೇರೆ ಯಾರಾದರೂ ಸಂಗ್ರಹಿಸಿದ್ದಾರೆಯೇ ಎಂದು ನೋಡಬೇಕು ಎಂಬುದು ಅದರ ಸಾರ. ಎರಡನೆಯ ಅಂಶವು ಲೆಕ್ಕಿಗರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಒಂದೇ ರಸ್ತೆಯನ್ನು ಮೂರು ಇಲಾಖೆಗಳು ಮೂರು ಸಲ ಅಳೆಯುವ ದುಂದುವೆಚ್ಚವನ್ನು ತಡೆಯಲು ಇರುವ ದಾರಿ, ಇದ್ದುದನ್ನು ಹುಡುಕಿ ತೆಗೆಯುವಂತೆ ಮಾಡುವುದು.

ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಜಿಯೋಗ್ರಾಫಿಕ್ ಡೇಟಾ ಕಮಿಟಿಯು ತನ್ನ ಮಾನದಂಡವನ್ನು ಅಂಗೀಕರಿಸಿತು. 1998ರಲ್ಲಿ ಅದರ ಎರಡನೆಯ ಆವೃತ್ತಿ ಬಂದಿತು. ಇದರಲ್ಲಿ ಏಳು ಮುಖ್ಯ ಭಾಗಗಳಿವೆ: ದತ್ತಾಂಶದ ಗುರುತು, ಗುಣಮಟ್ಟ, ಸ್ಥಳಮಾಹಿತಿಯ ಜೋಡಣೆ, ಸ್ಥಾನದ ಆಧಾರಮಾನ, ಕೋಷ್ಟಕದ ಅಂಶಗಳ ಅರ್ಥ, ವಿತರಣೆಯ ಷರತ್ತು, ಮತ್ತು ವಿವರಪತ್ರವನ್ನು ಬರೆದವರು ಯಾರು, ಯಾವಾಗ ಎಂಬುದು.

1995ರ ಮಾರ್ಚ್‌ನಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಪಟ್ಟಣದಲ್ಲಿ ಗ್ರಂಥಾಲಯ ಹಾಗೂ ಗಣಕ ತಜ್ಞರು ಸೇರಿ ಎಲ್ಲ ಬಗೆಯ ದಾಖಲೆಗಳಿಗೂ ಹೊಂದುವ ಸರಳ ಮಾದರಿಯೊಂದಕ್ಕೆ ಅಡಿಪಾಯ ಹಾಕಿದರು. ಆ ಊರಿನ ಹೆಸರಿನಿಂದಲೇ ಡಬ್ಲಿನ್ ಕೋರ್ ಎಂದು ಪ್ರಸಿದ್ಧವಾದ ಇದರಲ್ಲಿ ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಹಕ್ಕು ಮೊದಲಾದ 15 ಅಂಶಗಳಿವೆ. 2003ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯು ಇದನ್ನು ಐಎಸ್ಒ 15836 ಎಂದು ಅಂಗೀಕರಿಸಿತು. ಅದೇ ವರ್ಷ ಭೂಮಾಹಿತಿಗೆಂದೇ ಐಎಸ್ಒ 19115 ಪ್ರಕಟವಾಯಿತು. ಅದರ ಪರಿಷ್ಕೃತ ರೂಪ 2014ರಲ್ಲಿ ಬಂದಿತು. ಗುಣಮಟ್ಟ ನಿರ್ವಹಣೆಯ ಐಎಸ್ಒ 9001 ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿರುವ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಈ ಸಂಸ್ಥೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಐರೋಪ್ಯ ಒಕ್ಕೂಟವು 2007ರಲ್ಲಿ ಇನ್‌ಸ್ಪೈರ್ ಎಂಬ ನಿರ್ದೇಶನದ ಮೂಲಕ ತನ್ನ ಸದಸ್ಯ ರಾಷ್ಟ್ರಗಳಿಗೆ 34 ವಿಷಯಗಳ ಭೂಮಾಹಿತಿಗೆ ಮೆಟಾಡೇಟಾ ಸಿದ್ಧಪಡಿಸುವುದನ್ನು ಕಾನೂನಿನ ಹೊಣೆಯನ್ನಾಗಿ ಮಾಡಿತು.

ವಿಜ್ಞಾನದ ಬೇರೆ ಶಾಖೆಗಳೂ ತಮ್ಮವೇ ಮಾದರಿಗಳನ್ನು ರೂಪಿಸಿಕೊಂಡವು. ಜೀವವೈವಿಧ್ಯಕ್ಕೆ ಡಾರ್ವಿನ್ ಕೋರ್, ಹವಾಮಾನ ಹಾಗೂ ಸಾಗರದ ದತ್ತಾಂಶಗಳಿಗೆ ಸಿಎಫ್ ನಿಯಮಾವಳಿ ಬಳಕೆಯಲ್ಲಿವೆ. 2009ರಲ್ಲಿ ಸ್ಥಾಪನೆಯಾದ ಡೇಟಾಸೈಟ್ ಸಂಸ್ಥೆಯು ಸಂಶೋಧನಾ ದತ್ತಾಂಶಗಳಿಗೆ ಶಾಶ್ವತ ಗುರುತುಸಂಖ್ಯೆ ಕೊಡುವ ವ್ಯವಸ್ಥೆ ಮಾಡಿತು. 2016ರಲ್ಲಿ ಪ್ರಕಟವಾದ ಫೇರ್ ತತ್ತ್ವಗಳು, ದತ್ತಾಂಶವು ಹುಡುಕಿದರೆ ಸಿಗುವಂತಿರಬೇಕು, ಕೈಗೆಟುಕಬೇಕು, ಬೇರೆ ದತ್ತಾಂಶದೊಂದಿಗೆ ಹೊಂದಿಕೊಳ್ಳಬೇಕು, ಮರುಬಳಕೆಗೆ ಯೋಗ್ಯವಾಗಿರಬೇಕು ಎಂಬ ನಾಲ್ಕು ಮಾತುಗಳಲ್ಲಿ ಈ ಎಲ್ಲ ಪ್ರಯತ್ನಗಳ ಗುರಿಯನ್ನು ಹೇಳಿದವು.

ಭಾರತದಲ್ಲಿನ ಬೆಳವಣಿಗೆ

ನಮ್ಮ ದೇಶದಲ್ಲಿ 2005ರ ರಾಷ್ಟ್ರೀಯ ನಕ್ಷಾ ನೀತಿಯು ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳನ್ನು ರಕ್ಷಣಾ ಶ್ರೇಣಿ ಮತ್ತು ಮುಕ್ತ ಶ್ರೇಣಿ ಎಂದು ವಿಂಗಡಿಸಿ, ಎರಡನೆಯದನ್ನು ಸಾರ್ವಜನಿಕರಿಗೆ ಒದಗಿಸಿತು. 2006ರಲ್ಲಿ ರಾಷ್ಟ್ರೀಯ ಭೂಸ್ಥಳ ದತ್ತಾಂಶ ಮೂಲಸೌಕರ್ಯವನ್ನು ಸರ್ಕಾರದ ನಿರ್ಣಯದ ಮೂಲಕ ಸ್ಥಾಪಿಸಲಾಯಿತು. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯು, ಸಾರ್ವಜನಿಕ ಹಣದಿಂದ ಸಂಗ್ರಹಿಸಿದ, ಗೋಪ್ಯವಲ್ಲದ ದತ್ತಾಂಶವನ್ನು ಜನರಿಗೆ ದೊರಕಿಸಬೇಕೆಂದು ಹೇಳಿತು.

2021ರ ಫೆಬ್ರವರಿ 15ರಂದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಹೊರಡಿಸಿದ ಮಾರ್ಗಸೂಚಿಯು ಉದ್ಯಮಗಳ ಪಾಲಿಗೆ ಮಹತ್ವದ್ದು. ಭಾರತೀಯ ಸಂಸ್ಥೆಗಳು ಭೂಮಾಹಿತಿಯನ್ನು ಸಂಗ್ರಹಿಸಿ ಮಾರುವುದಕ್ಕೆ ಇದ್ದ ಪೂರ್ವಾನುಮತಿಯ ಕಟ್ಟನ್ನು ಅದು ಸಡಿಲಿಸಿತು. ಅಡ್ಡಳತೆಯಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರಿಗಿಂತ ಸೂಕ್ಷ್ಮವಾದ ದತ್ತಾಂಶವನ್ನು ಸೃಷ್ಟಿಸುವ ಹಕ್ಕನ್ನು ಭಾರತೀಯ ಸಂಸ್ಥೆಗಳಿಗೆ ಮೀಸಲಿಟ್ಟಿತು. 2022ರ ಡಿಸೆಂಬರ್ 28ರಂದು ಪ್ರಕಟವಾದ ರಾಷ್ಟ್ರೀಯ ಭೂಸ್ಥಳ ನೀತಿಯು, 2030ರೊಳಗೆ ನಗರ ಹಾಗೂ ಗ್ರಾಮ ಪ್ರದೇಶಗಳಿಗೆ 5ರಿಂದ 10 ಸೆಂಟಿಮೀಟರ್ ಸೂಕ್ಷ್ಮತೆಯ ನಕ್ಷೆಗಳನ್ನು ಸಿದ್ಧಪಡಿಸುವ ಗುರಿ ಇರಿಸಿಕೊಂಡಿದೆ. ಇದರ ಪರಿಣಾಮವಾಗಿ ಡ್ರೋನ್ ಸರ್ವೆ ಮಾಡುವ ಖಾಸಗಿ ಸಂಸ್ಥೆಗಳು ಬಹಳವಾಗಿವೆ. ಮಾರುವವರು ಹೆಚ್ಚಾದಂತೆ ಕೊಳ್ಳುವವರ ಎಚ್ಚರಿಕೆಯೂ ಹೆಚ್ಚಬೇಕಾಗುತ್ತದೆ.

ವಿವರಪತ್ರವನ್ನು ಓದುವ ಕ್ರಮ

ವಿವರಪತ್ರವು ಎಷ್ಟೇ ಉದ್ದವಾಗಿರಲಿ, ವರ್ತಕರು ಅದರಲ್ಲಿ ಮುಖ್ಯವಾಗಿ ನೋಡಬೇಕಾದ ಅಂಶಗಳು ಐದು.

1. ಆಧಾರಮಾನ: ಭೂಮಿಯ ಆಕಾರವನ್ನು ಗಣಿತಕ್ಕೆ ಅಳವಡಿಸುವ ರೀತಿಗಳು ಹಲವು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೆಯ ಪರಂಪರೆಯಲ್ಲಿ ಬಂದ ಹಳೆಯ ಭಾರತೀಯ ನಕ್ಷೆಗಳು, 1830ರ ಎವರೆಸ್ಟ್ ಗೋಲಾಭವನ್ನು ಆಧರಿಸಿವೆ. ನಮ್ಮ ಮೊಬೈಲಿನ ಜಿಪಿಎಸ್ ಹಾಗೂ 2005ರ ನಂತರದ ಮುಕ್ತ ಶ್ರೇಣಿಯ ನಕ್ಷೆಗಳು ಡಬ್ಲ್ಯುಜಿಎಸ್ 84 ಎಂಬ ಆಧಾರಮಾನವನ್ನು ಬಳಸುತ್ತವೆ. ಒಂದೇ ಅಕ್ಷಾಂಶ ರೇಖಾಂಶವನ್ನು ಎರಡು ಆಧಾರಮಾನಗಳಲ್ಲಿ ಗುರುತಿಸಿದರೆ ನಮ್ಮ ಭಾಗದಲ್ಲಿ 100 ಮೀಟರಿಗೂ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಒಂದು ಎಕರೆಯ ಚೌಕಾಕಾರದ ಜಮೀನಿನ ಒಂದು ಬದಿ ಸುಮಾರು 64 ಮೀಟರ್ ಮಾತ್ರ. ಆದುದರಿಂದ ಜಿಪಿಎಸ್ ಅಂಕಿಗಳನ್ನು ಪರಿವರ್ತಿಸದೆ ಹಳೆಯ ನಕ್ಷೆಯ ಮೇಲೆ ಇಟ್ಟರೆ ನಿಮ್ಮ ಒಂದು ಎಕರೆ ಪೂರ್ತಿಯಾಗಿ ನೆರೆಯವರ ಜಮೀನಿನಲ್ಲಿ ಕಾಣಿಸಿಕೊಳ್ಳಬಹುದು.

2. ಅಳತೆಪ್ರಮಾಣ ಮತ್ತು ನಿಖರತೆ: 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ 25 ಮೀಟರ್ ಅಗಲ. ಕೆರೆಯಂಚಿನಿಂದ ಇಲ್ಲವೇ ರಾಜಕಾಲುವೆಯಿಂದ ಇಂತಿಷ್ಟು ಮೀಟರ್ ಬಿಟ್ಟು ಕಟ್ಟಬೇಕೆಂಬ ನಿಯಮವನ್ನು ಇಂತಹ ನಕ್ಷೆಯಿಂದ ಪರಿಶೀಲಿಸಲಾಗದು. ಗಣಕಯಂತ್ರದ ಪರದೆಯ ಮೇಲೆ ನಕ್ಷೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ಗೆರೆ ಸ್ಪಷ್ಟವಾಗುತ್ತದೆ, ನಿಖರತೆ ಹೆಚ್ಚುವುದಿಲ್ಲ.

3. ಕಾಲ: ದಿನಾಂಕವಷ್ಟೇ ಸಾಲದು, ಎಣಿಕೆಯ ಕ್ರಮವೂ ತಿಳಿಯಬೇಕು. ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನವು ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಆಗಸ್ಟ್ 5ರ ಸಂಜೆಯಿಂದ ಬೆಳಗಿನ ಜಾವದವರೆಗೆ ಸುರಿದ ಮಳೆಯು 6ನೇ ತಾರೀಖಿನ ಲೆಕ್ಕಕ್ಕೆ ಸೇರುತ್ತದೆ. ಕಾರ್ಖಾನೆಯಲ್ಲಿ ಇಟ್ಟ ಸ್ವಂತ ಮಳೆಮಾಪಕವು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುತ್ತಿದ್ದರೆ ಎರಡು ಪಟ್ಟಿಗಳೂ ತಾಳೆಯಾಗವು. ಗೋದಾಮಿಗೆ 5ರ ರಾತ್ರಿ ನೀರು ನುಗ್ಗಿತೆಂದು ವಿಮಾ ಹಕ್ಕು ಸಲ್ಲಿಸುವವರು ಇದನ್ನು ಮೊದಲೇ ವಿವರಿಸದಿದ್ದರೆ, ದಾಖಲೆಯು ತಮ್ಮ ಮಾತಿಗೆ ವಿರುದ್ಧವಾಗಿದೆ ಎಂಬ ಆಕ್ಷೇಪವನ್ನು ಎದುರಿಸಬೇಕಾದೀತು.

ಕಾಲಕ್ಕೆ ಸೇರಿದ ಇನ್ನೊಂದು ಅಂಶ ಆಧಾರಾವಧಿ. ಬಂಡವಾಳ ಲಾಭದ ಲೆಕ್ಕಕ್ಕೆ ಬಳಸುವ ವೆಚ್ಚ ಹಣದುಬ್ಬರ ಸೂಚ್ಯಂಕದ ಆಧಾರ ವರ್ಷವು 2017ರಲ್ಲಿ 1981-82ರಿಂದ 2001-02ಕ್ಕೆ ಬದಲಾದದ್ದು ಎಲ್ಲರಿಗೂ ನೆನಪಿರಬಹುದು. ಮುಂಗಾರಿನ ಲೆಕ್ಕದಲ್ಲೂ ಹೀಗೆಯೇ ಆಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದೇಶದ ಸರಾಸರಿ ಮಳೆಯನ್ನು ಹವಾಮಾನ ಇಲಾಖೆಯು ಮೊದಲು 1961ರಿಂದ 2010ರವರೆಗಿನ ಅವಧಿಯ ಆಧಾರದಲ್ಲಿ 88 ಸೆಂಟಿಮೀಟರ್ ಎಂದು ಹಿಡಿಯುತ್ತಿತ್ತು. 2022ರಿಂದ 1971-2020ರ ಅವಧಿಯ 87 ಸೆಂಟಿಮೀಟರನ್ನು ಹಿಡಿಯುತ್ತಿದೆ. ಸರಾಸರಿಯ ಶೇ. 96ರಿಂದ 104ರವರೆಗಿನ ಮಳೆಗೆ ಸಾಮಾನ್ಯ ಎಂದು ಹೆಸರು. ಒಂದು ವರ್ಷ 84 ಸೆಂಟಿಮೀಟರ್ ಮಳೆಯಾಯಿತೆಂದು ಊಹಿಸಿದರೆ, ಹಳೆಯ ಆಧಾರದಂತೆ ಅದು ಶೇ. 95.5, ಅಂದರೆ ಸಾಮಾನ್ಯಕ್ಕಿಂತ ಕಡಿಮೆ. ಹೊಸ ಆಧಾರದಂತೆ ಶೇ. 96.6, ಅಂದರೆ ಸಾಮಾನ್ಯ. ಬಿದ್ದ ನೀರು ಅಷ್ಟೇ. ಕೇವಲ ಶೇಕಡಾವಾರನ್ನು ನೋಡಿ ಹತ್ತು ವರ್ಷಗಳ ಮುಂಗಾರನ್ನು ಹೋಲಿಸಿ ಕಾಳು ಅಥವಾ ಗೊಬ್ಬರದ ದಾಸ್ತಾನು ನಿರ್ಧರಿಸುವವರು ಇದನ್ನು ಗಮನಿಸಬೇಕು.

4. ಮೂಲೇತಿಹಾಸ: ದತ್ತಾಂಶವು ಯಾವ ಮೂಲದಿಂದ ಬಂದು ಯಾರ ಕೈಯಲ್ಲಿ ಏನೇನು ಬದಲಾವಣೆ ಹೊಂದಿತು ಎಂಬ ಸರಣಿ ಇದು. 2013ರ ಜನವರಿ 17ರಂದು ಅಮೆರಿಕದ ಗಾರ್ಡಿಯನ್ ಎಂಬ ಯುದ್ಧನೌಕೆಯು ಫಿಲಿಪ್ಪೀನ್ಸಿನ ತುಬ್ಬತಾಹ ಹವಳದ ದಿಬ್ಬವನ್ನೇರಿ ಸಿಕ್ಕಿಕೊಂಡಿತು. ಅದನ್ನು ಎಳೆದು ತೆಗೆಯಲಾಗದೆ ಅಲ್ಲಿಯೇ ತುಂಡರಿಸಬೇಕಾಯಿತು. ನೌಕೆಯು ಬಳಸುತ್ತಿದ್ದ ಡಿಜಿಟಲ್ ನಕ್ಷೆಯಲ್ಲಿ ಆ ದಿಬ್ಬವು ಸುಮಾರು 8 ನಾಟಿಕಲ್ ಮೈಲಿಯಷ್ಟು ದೂರ ತಪ್ಪಾಗಿ ಗುರುತಾಗಿತ್ತು. ತಪ್ಪು ಸ್ಥಾನಮಾಹಿತಿಯಿದ್ದ ಉಪಗ್ರಹ ಚಿತ್ರವು ಅದರ ಮೂಲ. ತಪ್ಪನ್ನು ಒಂದು ನಕ್ಷೆಯಲ್ಲಿ 2011ರಲ್ಲಿ ತಿದ್ದಿದ್ದರೂ ಇನ್ನೊಂದರಲ್ಲಿ ಹಾಗೆಯೇ ಉಳಿದಿತ್ತು. ಬೇರೆ ಆಧಾರಗಳೊಂದಿಗೆ ತಾಳೆ ನೋಡದೆ ಆ ನಕ್ಷೆಯನ್ನೇ ನೆಚ್ಚಿದ್ದಕ್ಕಾಗಿ ನೌಕಾಪಡೆಯ ತನಿಖೆಯು ನೌಕೆಯ ಅಧಿಕಾರಿಗಳನ್ನು ಹೊಣೆಗಾರರನ್ನಾಗಿಸಿತು. ರೋಜುಪುಸ್ತಕದಲ್ಲಿ ತಿದ್ದಿ ಖಾತೆಯಲ್ಲಿ ತಿದ್ದದಿರುವ ಲೋಪವೇ ಇದು. ಮೂಲೇತಿಹಾಸ ಬರೆದಿಟ್ಟಿದ್ದರೆ ಒಂದು ಮೂಲ ಕೆಟ್ಟಿದೆ ಎಂದು ತಿಳಿದ ಕೂಡಲೆ ಅದರಿಂದ ಹುಟ್ಟಿದ ನಕ್ಷೆಗಳನ್ನೆಲ್ಲ ಪಟ್ಟಿ ಮಾಡಬಹುದು.

5. ಹಕ್ಕು ಮತ್ತು ಉಪಯೋಗದ ಮಿತಿ: ದತ್ತಾಂಶವನ್ನು ವ್ಯಾಪಾರಕ್ಕೆ ಬಳಸಲು ಅನುಮತಿಯಿದೆಯೇ, ಮೂಲದ ಹೆಸರನ್ನು ಹೇಳಬೇಕೇ, ಯಾವ ಕೆಲಸಕ್ಕೆ ಇದು ಯೋಗ್ಯವಲ್ಲ ಎಂಬುದನ್ನು ಇಲ್ಲಿ ಬರೆದಿರುತ್ತಾರೆ. ಜಿಲ್ಲಾ ಮಟ್ಟದ ಯೋಜನೆಗೆಂದು ಸಿದ್ಧಪಡಿಸಿದ್ದು ಎಂದು ಬರೆದಿರುವ ನೆರೆ ನಕ್ಷೆಯನ್ನು ಒಂದು ನಿವೇಶನದ ಹಣೆಬರಹ ನಿರ್ಧರಿಸಲು ಬಳಸಿದರೆ, ಹೊಣೆ ಬಳಸಿದವರದೇ.

ಉದ್ಯಮಗಳು ಕೈಗೊಳ್ಳಬಹುದಾದ ಕ್ರಮಗಳು

ಮೆಟಾಡೇಟಾ ಬರೆಯುವ ಶ್ರಮ ಮತ್ತು ವೆಚ್ಚ ದತ್ತಾಂಶ ಸಿದ್ಧಪಡಿಸುವವರದು, ಲಾಭ ಬಳಸುವವರದು. ಖರ್ಚು ಒಬ್ಬರದಾಗಿ ಆದಾಯ ಮತ್ತೊಬ್ಬರದಾದ ಕೆಲಸವು ತಾನಾಗಿ ನಡೆಯುವುದಿಲ್ಲ ಎಂಬುದು ವಾಣಿಜ್ಯದ ಪ್ರಾಥಮಿಕ ಪಾಠ. ಅಮೆರಿಕದಲ್ಲಿ ಆದೇಶ, ಯೂರೋಪಿನಲ್ಲಿ ಕಾನೂನು ಬೇಕಾದದ್ದು ಇದೇ ಕಾರಣಕ್ಕೆ. ಖಾಸಗಿ ವ್ಯವಹಾರದಲ್ಲಿ ಆ ಕೆಲಸವನ್ನು ಮಾಡಬಲ್ಲುದು ಕೊಳ್ಳುವವರ ಬೇಡಿಕೆ ಮಾತ್ರ. ಹಣ ಕೊಡುವ ಮೊದಲು ಕೇಳಿದರೆ ಒಂದು ಪುಟದ ವಿವರಪತ್ರ ಪುಕ್ಕಟೆಯಾಗಿ ಬರುತ್ತದೆ. ವ್ಯಾಜ್ಯ ಹುಟ್ಟಿದ ಮೇಲೆ ಕೇಳಿದರೆ ಅಳತೆ ಮಾಡಿದ ಸಿಬ್ಬಂದಿ ಕೆಲಸ ಬಿಟ್ಟು ಹೋಗಿರುತ್ತಾರೆ.

ಆದುದರಿಂದ ಡ್ರೋನ್ ಸರ್ವೆ, ಮಣ್ಣಿನ ಪರೀಕ್ಷೆ, ಅಂತರ್ಜಲ ಶೋಧನೆ ಮುಂತಾದ ಕೆಲಸಗಳಿಗೆ ಖರೀದಿ ಆದೇಶ ಕೊಡುವಾಗ ಕೆಳಕಂಡ ಷರತ್ತುಗಳನ್ನು ಸೇರಿಸುವುದು ಉಚಿತ.

ಅ) ವರದಿಯೊಂದಿಗೆ ಐಎಸ್ಒ 19115 ಮಾನದಂಡಕ್ಕೆ ಅನುಗುಣವಾದ ಮೆಟಾಡೇಟಾ ಒದಗಿಸತಕ್ಕದ್ದು.

ಆ) ಪ್ರತಿ ಕೋಷ್ಟಕದಲ್ಲಿ ಮಾನವನ್ನು ಸ್ಪಷ್ಟವಾಗಿ ಬರೆಯತಕ್ಕದ್ದು. ಅಡಿಯೋ ಮೀಟರೋ, ಎಕರೆ-ಗುಂಟೆಯೋ ಹೆಕ್ಟೇರೋ ಎಂಬುದರಲ್ಲಿ ಸಂದೇಹ ಉಳಿಯಬಾರದು.

ಇ) ಸ್ಥಾನ ಮತ್ತು ಎತ್ತರದ ಆಧಾರಮಾನಗಳನ್ನು, ನಿಖರತೆಯ ಮಿತಿಯನ್ನು ಮೀಟರ್‌ಗಳಲ್ಲಿ ನಮೂದಿಸತಕ್ಕದ್ದು.

ಈ) ಅಳತೆಯ ದಿನಾಂಕ, ಬಳಸಿದ ಉಪಕರಣ ಹಾಗೂ ಮೂಲ ದತ್ತಾಂಶದ ಹೆಸರನ್ನು ಕೊಡತಕ್ಕದ್ದು.

ಉ) ಅಂತಿಮ ಕಂತಿನ ಪಾವತಿಯು ಮೇಲಿನ ವಿವರಗಳು ತಲುಪಿದ ನಂತರವೇ.

ನಮ್ಮದೇ ದತ್ತಾಂಶಕ್ಕೂ ಇದೇ ಶಿಸ್ತು ಅನ್ವಯಿಸುತ್ತದೆ. ಕೊಳವೆಬಾವಿಯ ನೀರಿನ ಮಟ್ಟ 180 ಅಡಿ ಎಂದು ಡೈರಿಯಲ್ಲಿ ಬರೆದಿಟ್ಟರೆ ಐದು ವರ್ಷಗಳ ನಂತರ ಅದಕ್ಕೆ ಬೆಲೆಯಿಲ್ಲ. ಮಳೆಗಾಲಕ್ಕೆ ಮೊದಲೋ ನಂತರವೋ, ನೆಲಮಟ್ಟದಿಂದಲೋ ಕೊಳವೆಯ ಬಾಯಿಂದಲೋ, ಪಂಪು ನಿಂತಿದ್ದಾಗಲೋ ಓಡುತ್ತಿದ್ದಾಗಲೋ ಎಂಬ ಮೂರು ಮಾತು ಸೇರಿಸಿದರೆ ಅದೇ ಅಂಕಿ ದಾಖಲೆಯಾಗುತ್ತದೆ. ಕಾರ್ಖಾನೆಯ ವಿಸ್ತರಣೆಗೆ ಸಾಲ ಕೇಳುವಾಗ, ನೆರೆಯವರೊಡನೆ ನೀರಿನ ತಕರಾರು ಬಂದಾಗ ಇಂತಹ ದಾಖಲೆ ಮಾತನಾಡಬಲ್ಲುದು.

ಒಂದು ಎಚ್ಚರಿಕೆ

ಮೆಟಾಡೇಟಾ ಇದ್ದ ಮಾತ್ರಕ್ಕೆ ದತ್ತಾಂಶ ಸರಿಯಾಗಿದೆ ಎಂದು ಅರ್ಥವಲ್ಲ. ವಿವರಪತ್ರವು ದತ್ತಾಂಶ ಸಿದ್ಧಪಡಿಸಿದವರ ಹೇಳಿಕೆ. ಅದು ಲೆಕ್ಕಪರಿಶೋಧಕರ ಪ್ರಮಾಣಪತ್ರವಲ್ಲ. ಕಂಪನಿಯ ಲೆಕ್ಕಕ್ಕೆ ಇರುವಂತೆ ನಕ್ಷೆಗೆ ಶಾಸನಬದ್ಧ ಪರಿಶೋಧನೆ ಇಲ್ಲ. ನಿಖರತೆಯ ಜಾಗದಲ್ಲಿ ಅನ್ವಯಿಸುವುದಿಲ್ಲ ಎಂದೂ, ಪರಿಷ್ಕರಣೆಯ ಜಾಗದಲ್ಲಿ ಅಗತ್ಯವಿದ್ದಾಗ ಎಂದೂ ತುಂಬಿಸಿ ಮಾನದಂಡ ಪಾಲಿಸಿದಂತೆ ತೋರಿಸುವ ವಿವರಪತ್ರಗಳೂ ಉಂಟು. ಆದಕಾರಣ ದಾಸ್ತಾನಿನ ಭೌತಿಕ ಪರಿಶೀಲನೆಯಂತೆ ಇಲ್ಲಿಯೂ ಮಾದರಿ ಪರೀಕ್ಷೆ ಮಾಡಬೇಕು. ಬಾವಿ, ದೇವಸ್ಥಾನದ ಮೂಲೆ, ಗಡಿಕಲ್ಲು ಹೀಗೆ ಕದಲದ ಮೂರು ಗುರುತುಗಳನ್ನು ಆರಿಸಿ, ಸ್ಥಳದಲ್ಲಿ ಅಳೆದು, ನಕ್ಷೆಯೊಂದಿಗೆ ತಾಳೆ ನೋಡಿದರೆ ವಿವರಪತ್ರದ ಮಾತು ಎಷ್ಟು ನಂಬಿಕೆಗೆ ಅರ್ಹವೆಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ. ಜಮೀನಿನ ಹಕ್ಕು ಹಾಗೂ ಗಡಿಯ ಪ್ರಶ್ನೆ ಬಂದಾಗಲಂತೂ ಕಂದಾಯ ಇಲಾಖೆಯ ದಾಖಲೆ ಮತ್ತು ಅಧಿಕೃತ ಸರ್ವೆಯೇ ಆಧಾರ. ಪರದೆಯ ಮೇಲಿನ ನಕ್ಷೆ ಅವುಗಳ ಸ್ಥಾನವನ್ನು ತುಂಬಲಾರದು.

ಉಪಸಂಹಾರ

ಸಂಖ್ಯೆಯು ತನ್ನಷ್ಟಕ್ಕೆ ತಾನು ಸತ್ಯವನ್ನಾಗಲಿ ಸುಳ್ಳನ್ನಾಗಲಿ ಹೇಳುವುದಿಲ್ಲ. ಯಾರು, ಯಾವಾಗ, ಯಾವ ಮಾನದಲ್ಲಿ, ಯಾವುದನ್ನು ಆಧಾರವಾಗಿಟ್ಟುಕೊಂಡು ಅಳೆದರು ಎಂಬುದು ಸೇರಿದಾಗಲೇ ಅದಕ್ಕೆ ಅರ್ಥ ಬರುತ್ತದೆ. ಲೆಕ್ಕಪತ್ರಗಳ ವಿಷಯದಲ್ಲಿ ವರ್ತಕ ಸಮುದಾಯವು ಈ ಶಿಸ್ತನ್ನು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದೆ. ಅದನ್ನೇ ನಕ್ಷೆ, ಮಳೆ ಮತ್ತು ನೀರಿನ ಅಂಕಿಗಳಿಗೂ ವಿಸ್ತರಿಸಬೇಕಾಗಿದೆ. ಮುಂದಿನ ಸಲ ಸಲಹೆಗಾರರು ಬಣ್ಣಬಣ್ಣದ ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಸದಸ್ಯರು ಮೊದಲು ಕೇಳಬೇಕಾದದ್ದು ಅದರ ವಿವರಪತ್ರವನ್ನು. ಬೆಲೆಯ ಮಾತು ಆಮೇಲೆ.